ರೆಕಾರ್ಡರ್ ಮತ್ತು ಪೀಪಿಗಳ ಬಾಯಿ: ಭಾಗಗಳನ್ನು ಗುರುತಿಸುವುದು, ಸರಿಮಾಡುವುದು, ಕೈಯಾರೆ ಒಂದು ಮಾಡುವುದು

ಮನೆಯಲ್ಲಿ ಮಕ್ಕಳ ರೆಕಾರ್ಡರ್, ಅಂದರೆ ಶಾಲೆಯಲ್ಲಿ ಕಲಿಸುವ, ತುದಿಯಿಂದ ನೆಟ್ಟಗೆ ಊದುವ ಕೊಳಲು, ಇದ್ದರೆ ಅದರ ತಲೆಭಾಗವನ್ನು ತಿರುಗಿಸಿ ಬಿಚ್ಚಿ. ಉಳಿದದ್ದನ್ನು ಪಕ್ಕಕ್ಕಿಡಿ. ಆ ಗೇಣುದ್ದವೂ ಇಲ್ಲದ ತುಂಡನ್ನು ಮೆತ್ತಗೆ ಊದಿ. ಒಂದು ಸ್ವರ ಬರುತ್ತದೆ. ಈಗ ಕೆಳತುದಿಗೆ ಅಂಗೈ ಒತ್ತಿ ಮುಚ್ಚಿ ಮತ್ತೆ ಊದಿ. ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಬೆರಳಿಡುವ ತೂತು ಒಂದೂ ಇಲ್ಲ, ಆದರೂ ವಾದ್ಯ ನುಡಿಯಿತು ಅಲ್ವಾ? ತೂತುಗಳು ಹೇಳುವುದು ಯಾವ ಸ್ವರ ಅನ್ನುವುದನ್ನು ಮಾತ್ರ. ನಾದ ಹುಟ್ಟುವುದು, ಅದು ದುಂಡಗೆ ಬರುತ್ತದೋ ಬುಸ್ ಅನ್ನುತ್ತದೋ, ಮಂದ್ರ ಗಟ್ಟಿಯಾಗಿದೆಯೋ, ತಾರ ಸಲೀಸಾಗಿ ಏರುತ್ತದೋ, ಇಷ್ಟೂ ತೀರ್ಮಾನ ಆಗುವುದು ಮೇಲಿನ ಎರಡು ಇಂಚಿನಲ್ಲಿ. ಆ ಭಾಗವನ್ನೇ ನಾನು ಬಾಯಿ ಅನ್ನುವುದು.

ಕೊಳಲು ಮಾಡಲು ಹೊರಡುವವರು ತೂತು ಎಲ್ಲಿ ಕೊರೆಯಬೇಕು ಅಂತ ಅಳತೆಪಟ್ಟಿ ಹುಡುಕುತ್ತಾ ದಿನಗಟ್ಟಲೆ ಕಳೆಯುತ್ತಾರೆ. ನಾನೂ ಹಾಗೇ ಶುರು ಮಾಡಿದವಳು. ಬಾಯಿ ಸರಿಯಿಲ್ಲದ ಪೈಪಿನಲ್ಲಿ ತೂತು ಎಷ್ಟು ಕರಾರುವಾಕ್ಕಾಗಿ ಕೊರೆದರೂ ಅದು ನುಡಿಯುವುದಿಲ್ಲ. ಬಾಯಿ ಚೆನ್ನಾಗಿದ್ದರೆ ತೂತಿನ ತಪ್ಪನ್ನು ಆಮೇಲೆ ಅರ ಹಾಕಿ ತಿದ್ದಬಹುದು. ಹಾಗಾಗಿ ಈ ಬರಹದಲ್ಲಿ ಬೆರಳಿನ ತೂತುಗಳ ಮಾತೇ ಇಲ್ಲ. ಪೂರ್ತಿ ಬಾಯಿಯದ್ದೇ.

ಒಳಗೆ ಏನೇನಿದೆ

ತಲೆಯನ್ನು ಟ್ಯೂಬ್‌ಲೈಟ್ ಕಡೆಗೆ ಹಿಡಿದು ನೋಡಿ. ಭಾಗಗಳಿಗೆ ನಾನು ಮನೆಮಾತಿನ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ, ಅವನ್ನೇ ಇಲ್ಲಿ ಬಳಸುತ್ತೇನೆ.

ತುಟಿಗಿಡುವ ತುದಿ ಕೆಳಗಡೆ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ. ಅದು ಕೊಕ್ಕು. ಫ್ರೆಂಚರು ರೆಕಾರ್ಡರನ್ನು ಕರೆಯುವುದೇ ಕೊಕ್ಕಿನ ಕೊಳಲು ಅಂತ. ಕೊಕ್ಕು ಬಾಯಿಗೆ ಅನುಕೂಲವಾಗಲಿ ಅಂತ ಇರುವುದು, ನಾದಕ್ಕೆ ಅದರಿಂದ ದೊಡ್ಡ ವ್ಯತ್ಯಾಸವಿಲ್ಲ.

ಕೊಕ್ಕಿನೊಳಗೆ ಕೊಳವೆಯನ್ನು ಮುಚ್ಚಿಕೊಂಡು ಕೂತಿರುವ ತುಂಡೇ ಬಿರಡೆ. ಇಂಗ್ಲಿಷಿನಲ್ಲಿ ಬ್ಲಾಕ್ ಅಥವಾ ಫಿಪಲ್ ಅನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ವಾದ್ಯದ ಹೆಸರಿನಲ್ಲೇ ಈ ಬ್ಲಾಕ್ ಇದೆ. ಮರದ ರೆಕಾರ್ಡರ್‌ಗಳಲ್ಲಿ ಮೈ ಯಾವ ಮರದ್ದೇ ಇರಲಿ, ಬಿರಡೆಯನ್ನು ಸಾಮಾನ್ಯವಾಗಿ ಪೆನ್ಸಿಲ್ ಮಾಡುವ ಸೀಡರ್ ಜಾತಿಯ ಮರದಲ್ಲಿ ಮಾಡುತ್ತಾರೆ. ಉಸಿರಿನ ತೇವ ಹೀರಿದರೂ ಅದು ಜಾಸ್ತಿ ಉಬ್ಬುವುದಿಲ್ಲ. ಮಕ್ಕಳ ಪ್ಲಾಸ್ಟಿಕ್ ರೆಕಾರ್ಡರ್‌ಗಳಲ್ಲಿ ಬಿರಡೆ ಹೆಚ್ಚಾಗಿ ಅಂಟಿಕೊಂಡೇ ಇರುತ್ತದೆ, ಅದನ್ನು ಕೀಳಲು ಹೋಗಬೇಡಿ.

ಬಿರಡೆಯ ಮೇಲ್ಮೈಗೂ ಕೊಳವೆಯ ಗೋಡೆಗೂ ನಡುವೆ ಒಂದು ಸೀಳು ಉಳಿದಿರುತ್ತದೆ. ಇದು ಗಾಳಿದಾರಿ. ಇದಕ್ಕೆ ಕೆಳಗೆ ನೆಲ, ಮೇಲೆ ಸೂರು. ಚಿಕ್ಕ ರೆಕಾರ್ಡರ್‌ನಲ್ಲಿ ಇದರ ಎತ್ತರ ಹೊರಬರುವ ಕಡೆ ಸುಮಾರು 1 ಮಿಲಿಮೀಟರ್ ಮಾತ್ರ. ಊದುವ ಕಡೆ ಸ್ವಲ್ಪ ಜಾಸ್ತಿ ಇದ್ದು ಒಳಹೋಗುತ್ತಾ ಕಿರಿದಾಗುತ್ತದೆ. ಒಳ್ಳೆಯ ವಾದ್ಯಗಳಲ್ಲಿ ಇದು ಚಪ್ಪಟೆಯಾಗಿರದೆ ತುಸು ಕಮಾನಾಗಿರುತ್ತದೆ.

ಗಾಳಿದಾರಿ ಮುಗಿಯುವಲ್ಲಿ ಮೇಲೆ ಕಾಣುವ ಚೌಕ ಬಾಯಿಯೇ ಕಿಟಕಿ. ಕಿಟಕಿಯ ಆಚೆ ದಡದಲ್ಲಿ ತೆಳ್ಳಗಿನ ಅಂಚೊಂದು ಗಾಳಿಗೆ ಎದುರಾಗಿ ನಿಂತಿರುತ್ತದೆ. ಅದು ತುಟಿ. ಲೇಬಿಯಂ ಅನ್ನುತ್ತಾರೆ, ಲ್ಯಾಟಿನ್‌ನಲ್ಲಿ ಅದರ ಅರ್ಥವೂ ತುಟಿಯೇ. ತುಟಿಯಿಂದ ಮೇಲಕ್ಕೆ ಏರುವ ಜಾರುಬಂಡೆಯಂಥ ಭಾಗ ಇಳಿಜಾರು. ಗಾಳಿದಾರಿ ಮುಗಿಯುವಲ್ಲಿಂದ ತುಟಿಯವರೆಗಿನ ದೂರ ಚಿಕ್ಕ ರೆಕಾರ್ಡರ್‌ನಲ್ಲಿ ಸುಮಾರು 4 ಮಿ.ಮೀ. ಈ ದೂರವನ್ನು ನೆನಪಿಡಿ, ಮುಂದೆ ಹತ್ತು ಸಲ ಬರುತ್ತದೆ.

ಕೊನೆಯದು ಕಣ್ಣಿಗೆ ಬೀಳುವುದೇ ಇಲ್ಲ. ನೆಲದ ತುದಿ, ಸೂರಿನ ತುದಿ ಎರಡರಲ್ಲೂ ಚೂಪು ಮೂಲೆಯನ್ನು ಮುರಿದು ಅರ್ಧ ಮಿ.ಮೀ. ಆಸುಪಾಸು ಓರೆ ಮಾಡಿರುತ್ತಾರೆ. ಭೂತಗನ್ನಡಿ ಇದ್ದರೆ ಕಾಣುತ್ತದೆ. ಇದಿಲ್ಲದಿದ್ದರೆ ಪ್ರತಿ ಸ್ವರದ ಶುರುವಿನಲ್ಲಿ ಕೀಚ್ ಅನ್ನುತ್ತದೆ.

ಕಡಲೆಕಾಯಿ ಪರಿಷೆಗೆ ಹೋದಾಗ ಬುಲ್ ಟೆಂಪಲ್ ರೋಡಿನಲ್ಲಿ ಕೋಲಿಗೆ ಸಿಕ್ಕಿಸಿಕೊಂಡು ಮಾರುವ ಬಿದಿರಿನ ಪೀಪಿ ತೆಗೆದುಕೊಂಡು ನೋಡಿ. ಇವೇ ಭಾಗಗಳು, ಒಂದೂ ತಪ್ಪದೆ. ಕೊಳವೆಗೆ ಮರದ ಬಿರಡೆ ಬಡಿದು, ಅದರ ಮೇಲೆ ಸ್ವಲ್ಪ ಚಪ್ಪಟೆ ಮಾಡಿ, ಚಾಕುವಿನಲ್ಲಿ ಕಿಟಕಿ ಕೊಯ್ದಿರುತ್ತಾರೆ. ಬಿಎಂಟಿಸಿ ಕಂಡಕ್ಟರ್ ಊದುವ ಸೀಟಿಯಲ್ಲೂ ಗಾಳಿದಾರಿ, ಕಿಟಕಿ, ತುಟಿ ಇವೆ. ಕೊಳವೆಯ ಬದಲು ಮುಚ್ಚಿದ ಡಬ್ಬಿ ಇದೆ ಅಷ್ಟೆ. ಪರಂಗಿ ಎಲೆಯ ದಂಟು ಸೀಳಿ ಊದುತ್ತೇವಲ್ಲ, ಆ ಪೀಪಿ ಮಾತ್ರ ಬೇರೆ ಜಾತಿ. ಅಲ್ಲಿ ದಂಟೇ ಅದುರುತ್ತದೆ, ನಾಗಸ್ವರದ ಹಾಗೆ. ರೆಕಾರ್ಡರ್‌ನಲ್ಲಿ ಗಾಳಿ ಬಿಟ್ಟು ಬೇರೇನೂ ಅದುರಬೇಕಿಲ್ಲ.

ನಾದ ಹುಟ್ಟುವ ಬಗೆ

ಗಾಳಿದಾರಿಯಿಂದ ಗಾಳಿ ತೆಳ್ಳನೆಯ ಪಟ್ಟಿಯ ಹಾಗೆ ಹೊರಬೀಳುತ್ತದೆ. ಕಿಟಕಿ ದಾಟಿ ತುಟಿಗೆ ಬಡಿಯುತ್ತದೆ. ಬಡಿದು ಸುಮ್ನೆ ಎರಡಾಗಿ ಸೀಳಿಹೋಗುವುದಿಲ್ಲ. ಒಮ್ಮೆ ತುಟಿಯ ಮೇಲೆ ಹೊರಕ್ಕೆ, ಒಮ್ಮೆ ತುಟಿಯ ಕೆಳಗೆ ಒಳಕ್ಕೆ, ಹೀಗೆ ತೂಗಾಡುತ್ತದೆ. ಒಳಗೆ ಹೋದಾಗಲೆಲ್ಲ ಕೊಳವೆಯಲ್ಲಿರುವ ಗಾಳಿಗೆ ಒಂದು ತಳ್ಳು ಸಿಗುತ್ತದೆ. ಆ ಗಾಳಿ ತಿರುಗಿ ಬಂದು ಪಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳು ಕೊಟ್ಟರೆ ಅದು ತಾನಾಗಿ ಆಡುತ್ತಾ ಹೋಗುವಂತೆ. ಶಾಲೆಯಲ್ಲಿ ಕಲಿಸುವ ಚಿಕ್ಕ ರೆಕಾರ್ಡರ್‌ನ ಅತಿ ಕೆಳಗಿನ ಸ್ವರದಲ್ಲಿ ಈ ತೂಗಾಟ ಸೆಕೆಂಡಿಗೆ 523 ಸಲ ನಡೆಯುತ್ತದೆ.

ಇಷ್ಟು ತಿಳಿದರೆ ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ. ಪಟ್ಟಿ ಕಿಟಕಿ ದಾಟಲು ಸ್ವಲ್ಪ ಹೊತ್ತು ಬೇಕು. ಜೋರಾಗಿ ಊದಿದರೆ ಬೇಗ ದಾಟುತ್ತದೆ, ಸ್ವರ ಮೇಲಕ್ಕೆಳೆಯುತ್ತದೆ, ಇನ್ನೂ ಜೋರು ಮಾಡಿದರೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಕಿಟಕಿ ಚಿಕ್ಕದಿದ್ದರೆ ದಾಟುವ ದೂರವೇ ಕಡಿಮೆ, ಆದ್ದರಿಂದ ಮೆತ್ತಗೆ ಊದಿದರೂ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ, ಕೆಳಗಿನ ಸ್ವರ ನಿಲ್ಲುವುದಿಲ್ಲ. ಕಿಟಕಿ ದೊಡ್ಡದಿದ್ದರೆ ಕೆಳಗಿನ ಸ್ವರ ತುಂಬಿಕೊಂಡು ಬರುತ್ತದೆ, ಆದರೆ ಮೇಲೆ ಹತ್ತಿಸಲು ಎದೆಯೆಲ್ಲ ಖಾಲಿಯಾಗುತ್ತದೆ.

ನಮ್ಮ ಬಿದಿರಿನ ಕೊಳಲಿನಲ್ಲಿ ಈ ಎಲ್ಲ ಅಳತೆಗಳೂ ಊದುವವರ ತುಟಿಯಲ್ಲೇ ಇರುತ್ತವೆ. ಗಾಳಿದಾರಿಯ ಎತ್ತರ, ದೂರ, ಕೋನ ಎಲ್ಲವನ್ನೂ ಅವರು ಸ್ವರ ಸ್ವರಕ್ಕೂ ಬದಲಿಸುತ್ತಾರೆ. ಅದಕ್ಕೇ ಕಲಿಯಲು ತಿಂಗಳುಗಟ್ಟಲೆ ಬೇಕು. ರೆಕಾರ್ಡರ್‌ನಲ್ಲಿ ಮಾಡಿದವರು ಆ ತುಟಿಯನ್ನು ಒಮ್ಮೆ ತೀರ್ಮಾನಿಸಿ ಗಟ್ಟಿ ಮಾಡಿಟ್ಟಿರುತ್ತಾರೆ. ಮಗು ಮೊದಲ ದಿನವೇ ಊದಿ ಸ್ವರ ಬರಿಸುತ್ತದೆ, ಆದರೆ ಮಾಡಿದವರು ತಪ್ಪಿದರೆ ಊದುವವರು ತಿದ್ದಲಾರರು.

ಕಟ್ಟಿಕೊಂಡ ಗಾಳಿದಾರಿ

ಹೋದ ಡಿಸೆಂಬರಿನಲ್ಲಿ ಬೆಳಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಹುಡುಗಿ ಯೂನಿಫಾರ್ಮಿನಲ್ಲೇ ಬಂದು ಬಾಗಿಲಲ್ಲಿ ನಿಂತಳು. ಐದನೇ ಕ್ಲಾಸು. "ಆಂಟಿ, ಇದು ಹಾಳಾಗೋಯ್ತು, ಬರೀ ಉಸ್ ಅಂತಿದೆ. ಇವತ್ತೇ ಸ್ಕೂಲ್ ಡೇ" ಅಂದಳು. ಕಣ್ಣು ಆಗಲೇ ತುಂಬಿತ್ತು. ಮನೆಯ ಕಿಟಕಿಯ ಬೆಳಕಿಗೆ ಹಿಡಿದು ಸೀಳಿನೊಳಗೆ ನೋಡಿದೆ. ನೆಲ ಮತ್ತು ಸೂರಿನ ನಡುವೆ ಒಂದು ನೀರಿನ ಹನಿ, ಸಾಸಿವೆಕಾಳಿನಷ್ಟು, ಎರಡೂ ಕಡೆ ಕಚ್ಚಿಕೊಂಡು ನಿಂತಿತ್ತು. ಅವಳಿಗೂ ತೋರಿಸಿದೆ. ವಾದ್ಯ ಹಾಳಾಗಿರಲಿಲ್ಲ. ಚಳಿಗೆ ತಣ್ಣಗಿದ್ದ ಪ್ಲಾಸ್ಟಿಕ್ಕಿಗೆ ಬಿಸಿ ಉಸಿರು ತಾಗಿ ನೀರಾಗಿತ್ತು ಅಷ್ಟೆ.

ಹೀಗಾದಾಗ ಮಾಡಬೇಕಾದ್ದು ಸುಲಭ. ಕಿಟಕಿಯನ್ನು ಅಂಗೈಯಿಂದ ಅಥವಾ ಚಪ್ಪಟೆ ಬೆರಳಿನಿಂದ ಮುಚ್ಚಿ. ತುಟಿಯ ಅಂಚಿಗೆ ಉಗುರು ತಾಗಬಾರದು. ಕೊಕ್ಕಿನಿಂದ ಒಂದೇ ಸಲ ಜೋರಾಗಿ ಊದಿ. ಕಿಟಕಿ ಮುಚ್ಚಿರುವುದರಿಂದ ಕಿರುಚುವುದಿಲ್ಲ, ನೀರು ಕೊಳವೆಯೊಳಗೆ ಹಾರಿಹೋಗುತ್ತದೆ. ಕಛೇರಿಯ ನಡುವೆ ಆದರೆ ಕೊಕ್ಕಿನಿಂದ ಸದ್ದಿಲ್ಲದೆ ಒಳಕ್ಕೆ ಎಳೆದುಕೊಂಡರೂ ಆಗುತ್ತದೆ. ಇದಕ್ಕಿಂತ ಮುಖ್ಯ, ಊದುವ ಮುಂಚೆ ತಲೆಭಾಗವನ್ನು ಐದು ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳಿ. ಬೆಚ್ಚಗಿದ್ದರೆ ನೀರು ಕಟ್ಟುವುದೇ ಕಡಿಮೆ. ಆ ಹುಡುಗಿ ಆಟೋದಲ್ಲಿ ಸ್ಕೂಲು ತಲುಪುವವರೆಗೂ ಸ್ವೆಟರಿನೊಳಗೆ ಇಟ್ಟುಕೊಂಡೇ ಹೋದಳಂತೆ. ಚೆನ್ನಾಗಿ ನುಡಿಯಿತು ಅಂತ ಸಂಜೆ ಬಂದು ಹೇಳಿದಳು.

ಪದೇ ಪದೇ ಕಟ್ಟುತ್ತಿದ್ದರೆ, ಪ್ಲಾಸ್ಟಿಕ್ಕಿನದಾದರೆ ಮಾತ್ರ, ಎರಡು ಚಮಚ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಾಳಿದಾರಿಯಲ್ಲಿ ಹರಿಸಿ, ಒರೆಸದೆ ಒಣಗಲು ಬಿಡಿ. ಸೋಪಿನ ತೆಳ್ಳನೆಯ ಪೊರೆ ಉಳಿದರೆ ನೀರು ಹನಿಗಟ್ಟದೆ ಹರಡಿಕೊಂಡು ಇಳಿದುಹೋಗುತ್ತದೆ. ಹಾಗೇ ಎಣ್ಣೆ ಇದಕ್ಕೆ ಶತ್ರು. ಮರದ ರೆಕಾರ್ಡರ್‌ನ ಕೊಳವೆಗೆ ಎಣ್ಣೆ ಹಚ್ಚುವವರು ಗಾಳಿದಾರಿಗೂ ಬಿರಡೆಗೂ ಒಂದು ತೊಟ್ಟೂ ತಾಗದಂತೆ ನೋಡಿಕೊಳ್ಳಬೇಕು. ಹೊಸ ಮರದ ರೆಕಾರ್ಡರ್ ಆದರೆ ಮೊದಲ ಕೆಲವು ವಾರ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಊದಬೇಡಿ. ಬಿರಡೆ ಒಮ್ಮೆಲೇ ತೇವ ಕುಡಿದರೆ ಉಬ್ಬಿ ಗಾಳಿದಾರಿಯನ್ನೇ ಮುಚ್ಚುತ್ತದೆ.

ಗಾಳಿದಾರಿಯಲ್ಲಿ ಕಸ ಸಿಕ್ಕಿದರೆ ಹಕ್ಕಿಯ ಮೆತ್ತನೆಯ ಪುಕ್ಕ ತೊಳೆದು ಒಣಗಿಸಿ ತೂರಿಸಿ. ಇಲ್ಲವೇ ಹಳೆಯ ಎಕ್ಸ್‌ರೇ ಫಿಲ್ಮನ್ನು 6 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಕೊಕ್ಕಿನ ಕಡೆಯಿಂದ ನಿಧಾನಕ್ಕೆ ಆಡಿಸಿ, ಕಿಟಕಿ ಬಂದ ಕೂಡಲೇ ನಿಲ್ಲಿಸಿ. ಪಿನ್ನು, ಸೂಜಿ, ಪೊರಕೆ ಕಡ್ಡಿ ಯಾವುದೂ ಬೇಡ. ನನ್ನದೊಂದು ಮರದ ರೆಕಾರ್ಡರ್ ಇತ್ತು. ನೀರು ಕಟ್ಟುತ್ತದೆ ಅಂತ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಕ್ಲೀನ್ ಮಾಡುತ್ತೇವೆ ಅಂತ ಸೇಫ್ಟಿಪಿನ್ ಹಾಕಿ ಕೆರೆದರು. ತುಟಿಯಲ್ಲಿ ಕೂದಲೆಳೆಯಷ್ಟು ಗೀರು ಬಿತ್ತು. ಅವತ್ತಿನಿಂದ ಕೆಳಗಿನ ಎರಡು ಸ್ವರದಲ್ಲಿ ಮರಳು ಕಲಸಿದ ಹಾಗೆ ಸದ್ದು. ಆರು ವರ್ಷ ದಿನಾ ಊದಿದ್ದ ವಾದ್ಯ, ನನಗೆ ಅದರ ಸಂಕಟ ಇನ್ನೂ ಇದೆ.

ಈಗ ಕೈಯಾರೆ ಒಂದು ಬಾಯಿ

ಬೇಕಾದ ಸಾಮಾನು ಪ್ಲಂಬಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಬಿಸಿನೀರಿನ ಲೈನಿಗೆ ಹಾಕುವ ಕೆನೆ ಬಣ್ಣದ ಅರ್ಧ ಇಂಚಿನ ಸಿಪಿವಿಸಿ ಪೈಪ್. ಹೊರ ಅಳತೆ 15.9 ಮಿ.ಮೀ., ಗೋಡೆ ಸುಮಾರು 1.7, ಒಳಗೆ 12.5 ಆಸುಪಾಸು. ಟಿನ್ ವಿಷಲ್ ಅನ್ನುವ ಸಣ್ಣ ತಗಡಿನ ಪೀಪಿಗಳ ಕೊಳವೆಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಪೂರ್ತಿ ಉದ್ದ ಕೊಳ್ಳಬೇಕಿಲ್ಲ, ಬೆಂಗಳೂರಿನಲ್ಲಿ ಯಾವ ರಸ್ತೆಯಲ್ಲಿ ನೋಡಿದರೂ ಒಂದು ಮನೆ ಕಟ್ಟುತ್ತಿರುತ್ತಾರೆ, ಪ್ಲಂಬರ್ ಅಣ್ಣನನ್ನು ಕೇಳಿದರೆ ಒಂದಡಿ ತುಂಡು ಕೊಡುತ್ತಾರೆ. ಅದೇ ಅಳತೆಯ ಒಂದು ಕಪ್ಲರ್, ಅಂದರೆ ಎರಡು ಪೈಪು ಜೋಡಿಸುವ ತುಂಡು ಕೊಳವೆ. ಹಳೆಯ ತೇಗದ ಒಂದು ತುಂಡು. ಆಕ್ಸಾ ಬ್ಲೇಡ್, ಒಂದು ಚಪ್ಪಟೆ ಅರ, ಒಂದು ಅರ್ಧ ದುಂಡನೆಯ ಸಣ್ಣ ಅರ, ಸ್ಯಾಂಡ್ ಪೇಪರ್ ಮೂರು ನಂಬರು: 120, 400, 1000. ಅರಗಳು ಎಸ್.ಪಿ. ರೋಡಿನಲ್ಲಿ ಸೆಟ್ಟಾಗಿ ಸಿಗುತ್ತವೆ.

ಪ್ಲಾಸ್ಟಿಕ್ಕಿನಲ್ಲಿ ನಾದ ಬರುತ್ತದಾ ಅಂತ ಕೇಳುವವರಿಗೆ ಒಂದು ಮಾತು. ಜಾನ್ ಕೋಲ್ಟ್‌ಮನ್ ಅನ್ನುವ ಅಮೆರಿಕದ ಭೌತವಿಜ್ಞಾನಿ 1971ರಲ್ಲಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಬೆಳ್ಳಿ, ತಾಮ್ರ, ಮರದ ಮೈಗಳಿರುವ ಅಡ್ಡಕೊಳಲುಗಳು, ಆದರೆ ಎಲ್ಲಕ್ಕೂ ಒಂದೇ ಥರದ ಪ್ಲಾಸ್ಟಿಕ್ ತಲೆ. ಕೇಳಿದವರಿಗೂ ಊದಿದವರಿಗೂ ಯಾವುದು ಯಾವುದು ಅಂತ ಗುರುತಿಸಲು ಆಗಲಿಲ್ಲ. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡು ಸುತ್ತಿ ಮರದ ಬಿರಡೆ ಹಾಕಿ ವಿಷಲ್ ಮಾಡಲು ಶುರು ಮಾಡಿದರು, ಆ ಬಗೆಯದು ಇವತ್ತಿಗೂ ಮಾರಾಟದಲ್ಲಿದೆ. ಕೊಳವೆ ಯಾವುದರದ್ದು ಅನ್ನುವುದಕ್ಕಿಂತ ಬಾಯಿಯ ಅಳತೆ ಮುಖ್ಯ.

ಒಂದು ಎಚ್ಚರಿಕೆ. ಈ ಪೈಪನ್ನು ಗ್ಯಾಸ್ ಉರಿಗೆ ಹಿಡಿಯಬೇಡಿ, ಸುಟ್ಟರೆ ಆಮ್ಲದ ಹೊಗೆ ಬರುತ್ತದೆ. ಪ್ಲಂಬಿಂಗ್ ಸೊಲ್ಯೂಷನ್ನೂ ಬೇಡ, ಅದು ಬಾಯಿಗಿಡುವ ವಸ್ತುವಿಗಲ್ಲ. ಅರ ಹಾಕುವಾಗ ಮಾಸ್ಕ್ ಹಾಕಿಕೊಳ್ಳಿ, ಕೊನೆಗೆ ಚೆನ್ನಾಗಿ ತೊಳೆಯಿರಿ.

ಮೊದಲು ಕಪ್ಲರ್. ಇದೇ ನಮ್ಮ ಸೂರು. ಒಳಗೆ ನಟ್ಟನಡುವೆ ಪೈಪ್ ತಡೆಯಲು ಒಂದು ಏಣು ಇರುತ್ತದೆ, ಅದನ್ನು ದುಂಡು ಅರದಿಂದ ಪೂರ್ತಿ ತೆಗೆಯಿರಿ. ಆಮೇಲೂ ಪೈಪ್ ಸಲೀಸಾಗಿ ಹೋಗುವುದಿಲ್ಲ, ಏಕೆಂದರೆ ಕಪ್ಲರ್ ಒಳಗೆ ಹೋಗುತ್ತಾ ಬಿಗಿಯಾಗುವಂತೆ ಮಾಡಿರುತ್ತಾರೆ. ಕಡ್ಡಿಗೆ 120 ನಂಬರಿನ ಪೇಪರ್ ಸುತ್ತಿ ಒಳಗೆ ತಿರುಗಿಸುತ್ತಾ ಹೋಗಿ. ಕೈಯಲ್ಲಿ ಒತ್ತಿದರೆ ಜಾರಬೇಕು, ಬಿಟ್ಟರೆ ಅಲ್ಲಾಡದೆ ನಿಲ್ಲಬೇಕು. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಈ ಜಾರುವಿಕೆಯೇ ಆಮೇಲೆ ನಿಮ್ಮ ಕಿವಿಗೆ ಪಾಠ ಹೇಳುವುದು. ಸೂರಿನ ಎರಡೂ ತುದಿ ನೇರವಾಗಿರಲಿ.

ಪೈಪನ್ನು 330 ಮಿ.ಮೀ.ಗೆ ಕತ್ತರಿಸಿ. ಬಾಗಿಲಿನ ಚೌಕಟ್ಟಿನ ಮೂಲೆಗೆ ಒತ್ತಿ ಹಿಡಿದು ಪೆನ್ಸಿಲ್ ಎಳೆದರೆ ನೆಟ್ಟಗೆ ಗೆರೆ ಬರುತ್ತದೆ. ಅದರ ಪಕ್ಕ 6 ಮಿ.ಮೀ. ಬಿಟ್ಟು ಇನ್ನೊಂದು ಗೆರೆ. ಊದುವ ತುದಿಯಿಂದ ಕಪ್ಲರಿನ ಉದ್ದಕ್ಕೆ 4 ಮಿ.ಮೀ. ಸೇರಿಸಿ ಅಡ್ಡಗೆರೆ ಹಾಕಿ. ಕಪ್ಲರ್ 28 ಇದ್ದರೆ 32ಕ್ಕೆ. ಅಡ್ಡಗೆರೆಗೆ ತಾಗದಂತೆ ಅದರ ಒಳಗಡೆ ಸಣ್ಣ ತೂತು ಕೊರೆದು, ಎರಡೂ ಉದ್ದ ಗೆರೆಗಳ ಮೇಲೆ ಆಕ್ಸಾ ಬ್ಲೇಡ್ ಓಡಿಸಿ ನಡುವಿನ ಪಟ್ಟಿಯನ್ನು ಮುರಿದು ತೆಗೆಯಿರಿ. ಗೆರೆಯ ಒಳಗೇ ಕೊಯ್ಯಿರಿ, ಉಳಿದದ್ದನ್ನು ಅರದಿಂದ ತಿದ್ದಿ. ಈಗ ಪೈಪಿನ ತುದಿಯಿಂದ ಶುರುವಾಗುವ ಒಂದು ಉದ್ದನೆಯ ಕಂಡಿ ಸಿಕ್ಕಿತು. ಇದರ ಮೇಲೆ ಕಪ್ಲರ್ ಕೂರಿಸಿದರೆ ಮುಚ್ಚಿದ ಭಾಗ ಗಾಳಿದಾರಿ, ಮುಚ್ಚದೆ ಉಳಿದ 4 ಮಿ.ಮೀ. ಕಿಟಕಿ.

ಇನ್ನು ತುಟಿ. ಅಡ್ಡಗೆರೆಯಿಂದ ಕೆಳಕ್ಕೆ 12 ಮಿ.ಮೀ. ಉದ್ದದ ಇಳಿಜಾರು. ಅರವನ್ನು ಚಪ್ಪಟೆಯಾಗಿ ಒತ್ತಿದರೆ ಪೈಪ್ ದುಂಡಗಿರುವುದರಿಂದ ನಡುವೆ ಮೊದಲು ತೂತಾಗುತ್ತದೆ, ಪಕ್ಕಗಳು ದಪ್ಪ ಉಳಿಯುತ್ತವೆ. ಹಾಗಾಗಿ ಅರವನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಹೊರಳಿಸುತ್ತಾ ಹಾಕಿ. ಇಳಿಜಾರೂ ಪೈಪಿನ ಹಾಗೆ ಕಮಾನಾಗಿ ಉಳಿಯಬೇಕು. ಅಂಚು ಅರ್ಧ ಮಿ.ಮೀ. ದಪ್ಪಕ್ಕೆ ಬಂದಾಗ ಮೇಲಿನಿಂದ ನಿಲ್ಲಿಸಿ, ಅರ್ಧ ದುಂಡು ಅರವನ್ನು ಕಿಟಕಿಯಿಂದ ಒಳಗೆ ತೂರಿಸಿ ತುಟಿಯ ಕೆಳಗಡೆಯನ್ನೂ ನಾಲ್ಕೈದು ಸಲ ಸವರಿ. ಹೀಗೆ ಮಾಡಿದರೆ ಅಂಚು ಒಳಗೋಡೆಯ ಮಟ್ಟಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ನಮಗೆ ಬೇಕಾದ ಜಾಗ ಅದೇ. ಬ್ಲೇಡಿನಷ್ಟು ಚೂಪು ಬೇಡ, ಉಗುರಿನ ಅಂಚಿನಷ್ಟು ಸಾಕು. ಕೊನೆಗೆ 1000 ನಂಬರಿನ ಪೇಪರಿನಲ್ಲಿ ನುಣುಪು ಮಾಡಿ. ಅವಸರ ಮಾಡಿದವರೆಲ್ಲ ಪೈಪ್ ಹಾಳು ಮಾಡಿಕೊಳ್ಳುವುದು ಇಲ್ಲೇ. ತೆಗೆದದ್ದನ್ನು ಮತ್ತೆ ಹಾಕಲು ಆಗುವುದಿಲ್ಲ.

ಬಿರಡೆಗೆ ತೇಗವನ್ನು ದುಂಡಗೆ ಸವರುತ್ತಾ 12.5ಕ್ಕೆ ತನ್ನಿ. ಬೆರಳಲ್ಲಿ ಒತ್ತಿದರೆ ಹೋಗುವಷ್ಟು ಬಿಗಿ ಸಾಕು. ಸುತ್ತ ಗಾಳಿ ಸೋರಬಾರದು, ಸೋರಿದರೆ ಪಕ್ಕಕ್ಕೆ ಜೇನುಮೇಣ ಸವರಿ, ಕಂಡಿಯ ಕೆಳಗೆ ಬರುವ ನೆಲಕ್ಕೆ ಮಾತ್ರ ಮೇಣ ತಾಗಬಾರದು. ಉದ್ದ ಕಪ್ಲರಿನಷ್ಟೇ ಇರಲಿ. ಒಳತುದಿ ನೇರವಾಗಿ ಕತ್ತರಿಸಿರಬೇಕು. ಆ ತುದಿಯ ಮೇಲಂಚನ್ನು, ಹಾಗೇ ಕಪ್ಲರಿನ ಒಳಂಚನ್ನು, 400 ನಂಬರಿನ ಪೇಪರನ್ನು ಓರೆ ಹಿಡಿದು ಮೂರು ಸಲ ಎಳೆಯಿರಿ. ಮೂರೇ ಸಲ. ಬೇಕಾದರೆ ಆಮೇಲೆ ಮತ್ತೆ.

ಬಿರಡೆ ಕೂರಿಸಿ, ಕಪ್ಲರ್ ಜಾರಿಸಿ, ಎರಡರ ತುದಿಯೂ ಒಂದೇ ಗೆರೆಗೆ ತನ್ನಿ. ಊದುವ ಮುಂಚೆ ಬೆಳಕಿಗೆ ಹಿಡಿದು ಗಾಳಿದಾರಿಯೊಳಗಿಂದ ನೋಡಿ. ಸೀಳಿನ ಆಚೆಗೆ ತುಟಿಯ ಅಂಚು ತೆಳ್ಳನೆಯ ಗೆರೆಯಾಗಿ ಕಾಣಬೇಕು, ಸೂರಿಗಿಂತ ನೆಲಕ್ಕೆ ಹತ್ತಿರವಾಗಿ, ಎತ್ತರವನ್ನು ಮೂರು ಪಾಲು ಮಾಡಿದರೆ ಕೆಳಗಿನ ಪಾಲು ಮುಗಿಯುವಲ್ಲಿ. ಕಾಣದಿದ್ದರೆ ಎಷ್ಟು ಊದಿದರೂ ಪ್ರಯೋಜನವಿಲ್ಲ.

ಊದಿ, ಕೇಳಿ, ತಿದ್ದಿ

ಮೆತ್ತಗೆ ಊದಿ. ನಂತರ ಸ್ವಲ್ಪ ಜೋರು, ಇನ್ನೂ ಸ್ವಲ್ಪ ಜೋರು. ಚೆನ್ನಾಗಿರುವ ಬಾಯಿ ಮೊದಲು ಕೆಳಗಿನ ಸ್ವರ ಕೊಡುತ್ತದೆ, ಆಮೇಲೆ ಅದರ ಮೇಲಿನ ಸ್ಥಾಯಿ, ಆಮೇಲೆ ಅದರ ಪಂಚಮ. ಷಡ್ಜ, ಮೇಲಿನ ಷಡ್ಜ, ಮೇಲಿನ ಪಂಚಮ. ಮೂರೂ ಬೇರೆ ಬೇರೆಯಾಗಿ, ನಡುವೆ ಗೊಗ್ಗರಿಲ್ಲದೆ ಬಂದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಮೊದಲ ಸಲಕ್ಕೇ ಹಾಗೆ ಬರುವುದು ಅಪರೂಪ.

ಕೆಳಗಿನ ಸ್ವರ ನಿಲ್ಲದೆ ಮೇಲಕ್ಕೆ ಹಾರುತ್ತಿದ್ದರೆ ಕಿಟಕಿ ಚಿಕ್ಕದು. ಬಿರಡೆ ಮತ್ತು ಕಪ್ಲರ್ ಎರಡನ್ನೂ ಒಟ್ಟಿಗೆ ಅರ್ಧ ಮಿ.ಮೀ. ಹಿಂದಕ್ಕೆ ಎಳೆಯಿರಿ, ಊದಿ. ಮತ್ತೆ ಅರ್ಧ, ಮತ್ತೆ ಊದಿ. ನನ್ನ ಪೈಪುಗಳು ಹೆಚ್ಚಾಗಿ ನಾಲ್ಕೂವರೆಯಿಂದ ಐದರ ನಡುವೆ ನೆಲೆ ನಿಂತಿವೆ. ಕೆಳಗಿನದು ದಪ್ಪವಾಗಿ ಬಂದು ಮೇಲಕ್ಕೆ ಹತ್ತದೇ ಇದ್ದರೆ ಮುಂದಕ್ಕೆ ತಳ್ಳಿ. ಹೀಗೆ ಹಿಂದೆ ಮುಂದೆ ಜಾರಿಸುತ್ತಾ ಒಂದು ಗಂಟೆ ಸುಮ್ನೆ ಕೇಳುತ್ತಾ ಕೂರಿ. ಬರೀ ಅರ್ಧ ಮಿ.ಮೀ.ಗೆ ಸ್ವರದ ಬಣ್ಣ ಹೇಗೆ ಬದಲಾಗುತ್ತದೆ ಅನ್ನುವುದನ್ನು ಒಮ್ಮೆ ಕೇಳಿಸಿಕೊಂಡ ಮೇಲೆ ಯಾವ ಪೀಪಿ ಕೈಗೆ ಬಂದರೂ ಅದರ ಕಾಯಿಲೆ ಏನು ಅಂತ ಊದಿದ ಕೂಡಲೇ ಗೊತ್ತಾಗುತ್ತದೆ.

ಕಪ್ಲರನ್ನು ಹಾಗೇ ಬಿಟ್ಟು ಬಿರಡೆಯನ್ನು ಮಾತ್ರ ಕೂದಲಷ್ಟು ಹಿಂದೆ ಮುಂದೆ ಮಾಡಿಯೂ ನೋಡಿ. ಗಾಳಿಪಟ್ಟಿ ಹೊರಡುವ ಕೋನವೇ ಬದಲಾಗುತ್ತದೆ. ಕೆಲವು ಸಲ ಎರಡು ದಿನದಿಂದ ಸತಾಯಿಸುತ್ತಿದ್ದ ಬುಸ್ ಸದ್ದು ಇದರಿಂದಲೇ ನಿಂತಿದ್ದಿದೆ.

ಉಸಿರು ಬೇಗ ಖಾಲಿಯಾಗುತ್ತಿದೆ ಅನ್ನಿಸಿದರೆ ಗಾಳಿದಾರಿ ಎತ್ತರ ಜಾಸ್ತಿ. ಪೈಪಿನ ಗೋಡೆಯ ದಪ್ಪವೇ ಇಲ್ಲಿ ಎತ್ತರ, 1.7 ಅಂದರೆ ಸ್ವಲ್ಪ ಹೆಚ್ಚೇ. ಬಿರಡೆಯ ನೆಲದ ಮೇಲೆ ಕಂಡಿಯ ಅಗಲಕ್ಕೆ ಕತ್ತರಿಸಿದ ಎಕ್ಸ್‌ರೇ ಫಿಲ್ಮ್ ಪಟ್ಟಿ ಒಂದೋ ಎರಡೋ ಇಟ್ಟು ನೋಡಿ, ಒಂದೊಂದೂ ಸುಮಾರು 0.2 ಮಿ.ಮೀ. ತಗ್ಗಿಸುತ್ತದೆ. ಸರಿ ಅನ್ನಿಸಿದರೆ ಫೆವಿಕ್ವಿಕ್ ಒಂದು ಚುಕ್ಕಿ ಹಾಕಿ ಅಂಟಿಸಿ, ಒಂದು ದಿನ ಗಾಳಿಗೆ ಬಿಟ್ಟು ಆಮೇಲೆ ಬಾಯಿಗಿಡಿ. ನೆಲ ಮೇಲೆ ಬಂದದ್ದರಿಂದ ತುಟಿ ಕೆಳಗಾದ ಹಾಗಾಗಿರುತ್ತದೆ, ಮತ್ತೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ತೀರಾ ಕೆಳಗಿದ್ದರೆ ತುಟಿಯ ಕೆಳಗಡೆ ಇನ್ನೆರಡು ಸಲ ಸವರಿ.

ಸ್ವರದ ಶುರುವಿನಲ್ಲಿ ಕೀಚ್ ಅಂದರೆ ಓರೆ ಸಾಲದು, ಪೇಪರ್ ಒಂದೆರಡು ಸಲ ಎಳೆಯಿರಿ. ಉದ್ದಕ್ಕೂ ಒರಟಾಗಿದ್ದರೆ ಎಲ್ಲೋ ಪ್ಲಾಸ್ಟಿಕ್ಕಿನ ಜುಂಗು ಉಳಿದಿದೆ, ಕಿಟಕಿಯ ನಾಲ್ಕೂ ಮೂಲೆ ಹುಡುಕಿ.

ಬಾಯಿ ಸರಿಹೋದ ಮೇಲೆ ಶ್ರುತಿ. ನಮಗೆ ಬೇಕಾದ್ದು ಹಾರ್ಮೋನಿಯಂನವರು ಬಿಳಿ ಎರಡು ಅನ್ನುವ ಶ್ರುತಿ, ಅಂದರೆ ಡಿ, ಸೆಕೆಂಡಿಗೆ 587 ಕಂಪನ. ಲೆಕ್ಕದ ಪ್ರಕಾರ ಕೊಳವೆ 295 ಮಿ.ಮೀ. ಇರಬೇಕು. ಆದರೆ ಕಿಟಕಿ ಕೊಳವೆಗಿಂತ ಚಿಕ್ಕದಾದ್ದರಿಂದ ಒಳಗಿನ ಗಾಳಿ ಕೊಳವೆ ಇನ್ನೂ ಉದ್ದವಿದ್ದಂತೆ ನಡೆದುಕೊಳ್ಳುತ್ತದೆ. ತುಟಿಯಿಂದ ಕೆಳತುದಿಗೆ 270ರಿಂದ 275ರಲ್ಲಿ ಶ್ರುತಿ ಕೂಡುತ್ತದೆ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಎರಡೆರಡು ಮಿ.ಮೀ. ಕತ್ತರಿಸುತ್ತಾ ಬನ್ನಿ, ಕೊನೆಯ ಎರಡು ಅರದಿಂದ ತೆಗೆಯಿರಿ. ಐದು ನಿಮಿಷ ಊದಿ ಪೈಪ್ ಬೆಚ್ಚಗಾದ ಮೇಲೆ ಅಳೆಯಿರಿ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ನೂರನೇ ಪಾಲು ಒಂದು ಸೆಂಟ್).

ಅಂಗಡಿಯಿಂದ ತಂದ ಟಿನ್ ವಿಷಲ್ ಇದ್ದು ಅದರ ಕೆಳಗಿನ ಸ್ವರ ನಡುಗುತ್ತಿದ್ದರೆ ಅದರ ಪ್ಲಾಸ್ಟಿಕ್ ತಲೆಯನ್ನು ಬಿಸಿನೀರಿನಲ್ಲಿ ಅದ್ದಿ ಸಡಿಲ ಮಾಡಿ ಬಿಚ್ಚಿ ನೋಡಿ. ಕೆಲವದರಲ್ಲಿ ಗಾಳಿದಾರಿಯ ನೆಲದ ಅಡಿಯಲ್ಲಿ ಪೊಳ್ಳು ಜಾಗ ಇರುತ್ತದೆ. ಅದನ್ನು ಪೋಸ್ಟರ್ ಅಂಟಿಸುವ ಮೆತ್ತನೆಯ ಅಂಟಿನಿಂದ ನೆಲದ ತುದಿಯ ಮಟ್ಟಕ್ಕೆ ತುಂಬಿ ನುಣ್ಣಗೆ ಮಾಡಿದರೆ ಬಹಳಷ್ಟು ಸಲ ಸ್ವರ ನೆಟ್ಟಗೆ ನಿಲ್ಲುತ್ತದೆ. ಹಿಡಿಸದಿದ್ದರೆ ಕಡ್ಡಿಯಿಂದ ತೆಗೆದರಾಯಿತು.

ಎಲ್ಲ ಒಪ್ಪಿಗೆಯಾದ ಮೇಲೆ ಕಪ್ಲರ್ ಮತ್ತು ಬಿರಡೆ ಇರುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಊದುವ ತುದಿಯ ಕೆಳಗಡೆ ಓರೆಯಾಗಿ ಕೊಯ್ದು ಕೊಕ್ಕು ಮಾಡಿಕೊಳ್ಳಿ, ಪೈಪ್, ಬಿರಡೆ, ಕಪ್ಲರ್ ಮೂರನ್ನೂ ಸೇರಿಸಿಯೇ ಕೊಯ್ಯಬೇಕು. ನಾನಂತೂ ಅಂಟು ಹಾಕುವುದಿಲ್ಲ. ಊದಿ ಮುಗಿದ ಮೇಲೆ ಬಿರಡೆಯನ್ನು ಕೆಳತುದಿಯಿಂದ ಉದ್ದನೆಯ ಕಡ್ಡಿ ಹಾಕಿ ತಳ್ಳಿ ಹೊರತೆಗೆದು, ನೆರಳಲ್ಲಿ ಒಣಗಿಸಿ, ಮಾರನೆಯ ದಿನ ಗುರುತಿಗೆ ಸರಿಯಾಗಿ ಮತ್ತೆ ಕೂರಿಸುತ್ತೇನೆ.